ಕೂಸು ಕಾಯುವ ಅಕ್ಕನಿಗೂ ಶಾಲೆ ಉಂಟು

ಡಿಸೆಂಬರ್ ಬಂತೆಂದರೆ ಕಲಬುರಗಿ ಸೀಮೆಯ ಹೊಲಗಳಲ್ಲಿ ತೊಗರಿ ಕೊಯ್ಲಿನ ಗಡಿಬಿಡಿ. ಕಮಲಾಪುರದ ಸುತ್ತಲಿನ ಹಳ್ಳಿಗಳಲ್ಲಿ ಕೂಲಿಗೆ ಹೋಗುವ ತಾಯಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು ಬುತ್ತಿ ಕಟ್ಟುತ್ತಾಳೆ. ಅವಳು ಹೊರಟ ಮೇಲೆ ವರ್ಷದ ಕೂಸನ್ನು ನೋಡುವವರು ಯಾರು? ಅಜ್ಜಿ ಇಲ್ಲದ ಮನೆಯಲ್ಲಿ ಆ ಕೆಲಸ ಬೀಳುವುದು ನಾಲ್ಕನೆಯ ಇಯತ್ತೆಯ ಅಕ್ಕನ ಮೇಲೆ. ಅಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಅವಳು ಗೈರು. ಕಲಬುರಗಿ ನಗರದಲ್ಲಿ ಕಟ್ಟಡ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುವ ತಾಯಂದಿರ ಪಾಡೂ ಇದೇ.

ಅಂಗನವಾಡಿ ಇದೆಯಲ್ಲ ಎಂದು ಕೇಳಬಹುದು. ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ತಿ.ನರಸೀಪುರದಲ್ಲಿ. ಅಂಗನವಾಡಿಯಲ್ಲಿ ಶುಲ್ಕವಿಲ್ಲ. ಊಟ, ಆಟ, ಹಾಡು ಎಲ್ಲ ಉಂಟು. ಆದರೆ ಅಲ್ಲಿ ಕುಳಿತು ಕಲಿಯುವವರು 3ರಿಂದ 6 ವರ್ಷದ ಮಕ್ಕಳು. ಮೂರು ತುಂಬದ ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಮನೆಗೆ ಬರುತ್ತದೆ; ದಿನವಿಡೀ ಎತ್ತಿಕೊಳ್ಳುವ ಕೈ ಸಿಗುವುದಿಲ್ಲ. ದೊಡ್ಡ ಮಗುವನ್ನು ಬಿಟ್ಟರೂ, ತಾಯಿ ಹೊಲದಿಂದ ಮರಳುವ ಮೊದಲೇ ಕೇಂದ್ರದ ಬಾಗಿಲು ಮುಚ್ಚಿರುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿ ಕೊಟ್ಟಿದೆ. ತಮ್ಮನನ್ನು ಕಾಯುತ್ತ ಕುಳಿತ ಹುಡುಗಿಗೆ ಆ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಒಂದು ವಾರ ತಪ್ಪಿದರೆ ಭಾಗಾಕಾರ ತಪ್ಪುತ್ತದೆ. ಒಂದು ಸುಗ್ಗಿ ತಪ್ಪಿದರೆ ಶಾಲೆಯ ಮೇಲಿನ ಮನಸ್ಸೇ ತಪ್ಪುತ್ತದೆ.

ದಾರಿಗಳಿಲ್ಲವೆಂದಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿತು. ಹಳ್ಳಿಗೆ ಇದು ದೊಡ್ಡ ಆಸರೆ. ಆದರೆ ಪಂಚಾಯಿತಿಯ ಯೋಜನೆ ನಗರದ ಕೊಳೆಗೇರಿಯನ್ನು ಮುಟ್ಟುವುದಿಲ್ಲ. 6 ತಿಂಗಳಿಂದ 6 ವರ್ಷದ ಮಕ್ಕಳನ್ನು ನೋಡಿಕೊಳ್ಳಲು ಕೇಂದ್ರ ಸರ್ಕಾರ 2022ರಲ್ಲಿ ರೂಪಿಸಿದ ‘ಪಾಲನಾ’ ಯೋಜನೆಯಲ್ಲಿ ಅಂಗನವಾಡಿಯನ್ನೇ ಶಿಶುವಿಹಾರವಾಗಿಸುವ ಅವಕಾಶವಿದೆ.

ಕೇಳುವ ಹಕ್ಕೂ ಪಾಲಕರಿಗೆ ಇದೆ. ಆರು ವರ್ಷದೊಳಗಿನ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ ಅಥವಾ ಕೊಳೆಗೇರಿಯ ಜನ ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕೆಂದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಆದೇಶಿಸಿತು. ಓಣಿಯ ನಾಲ್ಕು ತಾಯಂದಿರು ಕೂಡಿ ಮಕ್ಕಳ ಹೆಸರು, ವಯಸ್ಸು ಬರೆದು ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದರೆ ಕೆಲಸ ಶುರುವಾದಂತೆ. ಹಳ್ಳಿಯಲ್ಲಾದರೆ ಗ್ರಾಮಸಭೆಯಲ್ಲಿ ಕೂಸಿನ ಮನೆಯ ಮಾತು ಎತ್ತಬೇಕು.

ವಿದ್ಯಾರ್ಥಿಗಳಿಗೂ ಇಲ್ಲಿ ಪಾಲಿದೆ. ಪಕ್ಕದಲ್ಲಿ ಕೂಡುವ ಗೆಳತಿ ಸುಗ್ಗಿಯ ವೇಳೆ ಕಾಣದಿದ್ದರೆ ಅವಳನ್ನು ಮೈಗಳ್ಳಿ ಎನ್ನಬೇಡಿ. ಕಾರಣವನ್ನು ಗುರುಗಳಿಗೆ ತಿಳಿಸಿ, ಸಂಜೆ ಅವಳಿಗೆ ಪಾಠದ ಪುಸ್ತಕ ಮುಟ್ಟಿಸಿ. ಕೂಸಿಗೆ ಒಂದು ನೆಲೆ ಸಿಗುವ ತನಕ ಅವಳ ಪಾಠ ನಿಲ್ಲದಿರಲಿ.