ಆರದ ದೀಪವನ್ನು ಕಡೆಗಣಿಸಬೇಡಿ

ಸಹೋದರಿಯರೇ, ಕಾರಿನ ಕೀ ತಿರುಗಿಸಿದಾಗ ಮೀಟರ್ ಬಳಿ ಏರ್‌ಬ್ಯಾಗ್‌ನ ದೀಪ ಕೆಲವು ಸೆಕೆಂಡು ಬೆಳಗಿ ಆರಬೇಕು. ಆರದಿದ್ದರೆ ದೋಷವಿದೆ ಎಂದರ್ಥ. ಅಪಘಾತವಾದಾಗ ಏರ್‌ಬ್ಯಾಗ್ ತೆರೆಯದೇ ಇರಬಹುದು. ‘ಗಾಡಿ ಓಡುತ್ತದಲ್ಲ’ ಎಂದು ಸುಮ್ಮನಿರುವುದು ಸರಿಯಲ್ಲ.

ಹೆಚ್ಚಾಗಿ ತೊಂದರೆ ಎರಡು ಕಡೆ ಇರುತ್ತದೆ. ಒಂದು, ಮುಂದಿನ ಸೀಟಿನ ಅಡಿಯ ವಯರ್ ಜೋಡಣೆ. ಸೀಟನ್ನು ಹಿಂದೆ ಮುಂದೆ ಸರಿಸುವಾಗ, ಅಡಿಯಲ್ಲಿ ಚೀಲ, ಬಾಟಲಿ ತುರುಕಿದಾಗ ಅದು ಸಡಿಲವಾಗುತ್ತದೆ. ಇನ್ನೊಂದು, ಸ್ಟೇರಿಂಗ್ ಒಳಗಿನ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ. ದೀಪ ಉರಿಯುವುದರ ಜೊತೆಗೆ ಹಾರ್ನ್ ಕೂಡ ಕೆಟ್ಟಿದ್ದರೆ ಇದರ ಮೇಲೆ ಸಂಶಯಪಡಬಹುದು.

ಏರ್‌ಬ್ಯಾಗ್‌ನ ವಯರುಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅವನ್ನು ಮನೆಯಲ್ಲಿ ಎಳೆಯಬೇಡಿ, ಟೆಸ್ಟರ್ ಹಿಡಿಯಬೇಡಿ. ಅಲ್ಪ ವಿದ್ಯುತ್ ಹರಿದರೂ ಏರ್‌ಬ್ಯಾಗ್ ಸಿಡಿದು ಗಾಯವಾದೀತು. ಬಲ್ಲ ಮೆಕ್ಯಾನಿಕ್ ಮೊದಲು ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಓದುತ್ತಾರೆ. ಬ್ಯಾಟರಿ ಕಳಚಿ, ಕೆಲವು ನಿಮಿಷ ಕಾದ ಬಳಿಕವೇ ಕೈ ಹಾಕುತ್ತಾರೆ. ಬರೀ ಕೋಡ್ ಅಳಿಸಿ ದೀಪ ಆರಿಸಿದರೆ ಅದು ರಿಪೇರಿಯಲ್ಲ. ಏನು ಸರಿಪಡಿಸಿದಿರಿ ಎಂದು ಸಂಕೋಚವಿಲ್ಲದೆ ಕೇಳಿರಿ.

ಅಲ್ಲಿಯವರೆಗೆ ಅಗತ್ಯವಿದ್ದರಷ್ಟೇ ಗಾಡಿ ತೆಗೆಯಿರಿ. ಸೀಟ್ ಬೆಲ್ಟ್ ತಪ್ಪಿಸಬೇಡಿ. ಮಕ್ಕಳು ಯಾವಾಗಲೂ ಹಿಂದಿನ ಸೀಟಿನಲ್ಲೇ ಕುಳಿತಿರಲಿ. ತವಕ್ಕುಲ್ ಎಂದರೆ ಅಜಾಗ್ರತೆಯಲ್ಲ. ಮೊದಲು ಒಂಟೆಯನ್ನು ಕಟ್ಟಿ, ನಂತರ ಅಲ್ಲಾಹನ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದ್ದಾರೆ.