ಬ್ರೇಕ್ ಕೂಗಿದರೆ ಹಾಡು ಜೋರು ಮಾಡಬೇಡಿ

ಆಯುಧಪೂಜೆ ದಿನ ಕಾರಿಗೆ ಕುಂಬಳಕಾಯಿ ಒಡೆಯುತ್ತೇವೆ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಡುತ್ತೇವೆ. ಆ ಚಕ್ರದ ಒಳಗೇನಾಗಿದೆ ಅಂತ ಮಾತ್ರ ನೋಡಲ್ಲ. ಬ್ರೇಕ್ ಒತ್ತಿದಾಗ ಕಿರ್ರ್ ಅಂದರೆ ಉತ್ತರ ರೆಡಿ: 'ಧೂಳು ಸಾರ್, ಓಡ್ತಾ ಓಡ್ತಾ ಸರಿಹೋಗುತ್ತೆ.' ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲೇ ಹೋಗಿ, ಇದೇ ಮಾತು. ನನಗೆ ಸಿಟ್ಟಿರುವುದು ಈ ಮಾತಿನ ಮೇಲೆ.

ಚನ್ನಪಟ್ಟಣದವರಿಗೆ ಬ್ರೇಕಿನ ಪಾಠ ಬೇರೆ ಬೇಕಿಲ್ಲ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಬೊಂಬೆಗೆ ಬಣ್ಣ ಹತ್ತುತ್ತೆ, ಕಡ್ಡಿ ಸವೆಯುತ್ತೆ. ಇಲ್ಲೂ ಅಷ್ಟೇ. ತಿರುಗುವ ಡಿಸ್ಕನ್ನು ಪ್ಯಾಡು ಒತ್ತಿ ಹಿಡಿಯುತ್ತೆ, ಗಾಡಿಯ ಓಟ ಬಿಸಿಯಾಗುತ್ತೆ, ಪ್ಯಾಡು ಸವೆಯುತ್ತೆ. ಸವೆಯೋದೇ ಅದರ ಕೆಲಸ. ಸವೆದೆ ಅಂತ ಅದು ಕೂಗಿದಾಗ ಕೇಳಿಸಿಕೊಳ್ಳದಿರೋದು ನಮ್ಮ ತಪ್ಪು.

ಕೂಗಲಿ ಅಂತಲೇ ಎಷ್ಟೋ ಪ್ಯಾಡುಗಳಲ್ಲಿ ಸಣ್ಣ ಲೋಹದ ಪಟ್ಟಿ ಇಟ್ಟಿರ್ತಾರೆ. ಪ್ಯಾಡು 2–3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೀರಲು ದನಿ ಹೊರಡುತ್ತೆ. ನಾವು ಮಾಡೋದು? ಗಾಜು ಏರಿಸಿ ಹಾಡು ಜೋರು ಮಾಡೋದು!

ಹಾಗಂತ ಎಲ್ಲ ಸದ್ದೂ ಒಂದೇ ಅಲ್ಲ. ಮಳೆ ಬಿದ್ದ ಮಾರನೇ ಬೆಳಿಗ್ಗೆ ಕರಕರ ಅಂದರೆ ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತೆ. ಟಕ್ ಅಂದರೆ ಕ್ಯಾಲಿಪರ್ ಬೋಲ್ಟೋ, ಸಸ್ಪೆನ್ಷನ್ ಬುಷ್ಷೋ ಸಡಿಲವಾಗಿರಬಹುದು. ಪೆಡಲ್ ಅದುರಿದರೆ ಡಿಸ್ಕು ಒಂದೇ ಸಮ ಇಲ್ಲ ಅಂತ ಅನುಮಾನ ಪಡಿ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ ಗರಗರ ಅಂದರೆ ಮಾತ್ರ ಗಾಡಿ ಮುಂದಕ್ಕೆ ಓಡಿಸಬೇಡಿ. ಪ್ಯಾಡು ಪೂರ್ತಿ ಮುಗಿದು ಹಿಂದಿನ ತಗಡೇ ಡಿಸ್ಕನ್ನು ಕೆರೆಯುತ್ತಿರಬಹುದು.

ಇಷ್ಟನ್ನೂ ಚಕ್ರ ಬಿಚ್ಚದೆ ಯಾವ ಮೇಷ್ಟ್ರಿಗೂ ಹೇಳೋಕಾಗಲ್ಲ. ಆದರೂ ನಿಂತಲ್ಲೇ ಕಿವಿಗೊಟ್ಟು 'ಏನಿಲ್ಲ ಹೋಗಿ' ಅನ್ನುವವರಿದ್ದಾರೆ. ಸದ್ದು ನಿಲ್ಲಿಸೋಕೆ ಎಣ್ಣೆ ಬಿಡುವ ಪುಣ್ಯಾತ್ಮರೂ ಇದ್ದಾರೆ. ಉಜ್ಜಿ ನಿಲ್ಲಿಸಬೇಕಾದ ಜಾಗಕ್ಕೆ ಎಣ್ಣೆ ಬಿಟ್ಟರೆ ಸದ್ದಿನ ಜೊತೆ ಬ್ರೇಕೂ ಹೋಗುತ್ತೆ.

'ದುಡ್ಡು ಎಲ್ಲಿಂದ ತರೋಣ' ಅಂತೀರಾ? ದುಡ್ಡು ಉಳಿಸೋಕೇ ನಾನು ಹೇಳ್ತಿರೋದು. ಪ್ಯಾಡಿಗೆ ಜಿಪುಣತನ ಮಾಡಿದರೆ ಡಿಸ್ಕಿಗೂ ಸೇರಿಸಿ ಕೊಡಬೇಕು.

ಊರೊಳಗೆ ಹಂಪಿಂದ ಹಂಪಿಗೆ ಓಡಿಸುವಾಗ ಈ ಉದಾಸೀನ ಹೇಗೋ ನಡೀತಿತ್ತು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯ್ತು. ಅದೇ ಕಾರು ಈಗ ರಾಮನಗರ ಬೈಪಾಸಿನಲ್ಲಿ ಗಂಟೆಗೆ 100 ಕಿ.ಮೀ. ಓಡುತ್ತೆ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ನಿಮ್ಮ ಕಾಲು ಪೆಡಲ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ. 50ರಲ್ಲಿ ನಿಲ್ಲಿಸೋದಕ್ಕಿಂತ ನಾಲ್ಕು ಪಟ್ಟು ಶಕ್ತಿಯನ್ನು ಆ ಸವೆದ ಪ್ಯಾಡು ನುಂಗಬೇಕು. ಮುಂದಿರುವ ಗಾಡಿಯಲ್ಲಿ ಇರೋದು ಬೇರೆಯವರ ಮಕ್ಕಳು. ನಿಮ್ಮ ಉದಾಸೀನಕ್ಕೆ ಅವರ್ಯಾಕೆ ಬೆಲೆ ತೆರಬೇಕು?

ಗ್ಯಾರೇಜಿನಲ್ಲಿ 'ಸದ್ದು ನಿಲ್ಲಿಸಿ' ಅನ್ನಬೇಡಿ. 'ಚಕ್ರ ಬಿಚ್ಚಿ ತೋರಿಸಿ' ಅನ್ನಿ. ಬಿಚ್ಚಲ್ಲ ಅಂದರೆ ಪಕ್ಕದ ಗ್ಯಾರೇಜಿಗೆ ಹೋಗಿ, ನಿಧಾನವಾಗಿ.