ಕಾಯಿಕೊರಕಕ್ಕೆ ಬಿಸಿಲೊಂದೇ ಸಾಕೇ?

‘ಬಿಸಿ ಏರಿದರೆ ಕಾಫಿ ಕಾಯಿಕೊರಕ ಬಯಲಿಗೂ ಇಳಿಯುತ್ತದೆ’ ಎಂದು ಕಳೆದ ಸಂಚಿಕೆಯ ಲೇಖಕರು ಬರೆದಿದ್ದಾರೆ. ಜತೆಗಿನ ನಕ್ಷೆಯಲ್ಲಿ ನಮ್ಮ ಬಯಲೂರು ಸಿಂಗಟಗೆರೆಗೂ ಕೆಂಪು ಬಳಿದಿದ್ದಾರೆ. ಇಳಿದು ತಿನ್ನುವುದೇನನ್ನು ಸ್ವಾಮಿ, ರಾಗಿ ತೆನೆಯನ್ನೇ?

ಈ ಹುಳು ತೊಗಟೆಕೊರಕ ಜೀರುಂಡೆಗಳ ಬಳಗದ್ದು ನಿಜ. ಆದರೆ ತೊಗಟೆ ಬಿಟ್ಟು ಕಾಫಿ ಬೀಜದೊಳಗೆ ಸಂಸಾರ ಹೂಡಿದ ಪ್ರಾಣಿ. ಹೆಣ್ಣು ಕಾಯಿಯ ಹೊಕ್ಕುಳಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಕೊರೆದು ಒಳಗೇ ಮೊಟ್ಟೆಯಿಡುತ್ತದೆ. ಗಂಡಿಗಂತೂ ಹಾರಲೂ ಬಾರದು. 1990ರಲ್ಲಿ ಗೂಡಲೂರಿನಲ್ಲಿ ಕಂಡ ಈ ಪೀಡೆ ಕೊಡಗು, ಚಿಕ್ಕಮಗಳೂರಿನಲ್ಲಿ ನೆಲೆಯೂರಿದ್ದು ಅಲ್ಲಿ ಕಾಫಿ ಇದ್ದುದರಿಂದ. ಕೊಯ್ಲು ಮುಗಿದ ಮೇಲೆ ನೆಲಕ್ಕುದುರಿದ, ಗಿಡದಲ್ಲೇ ಒಣಗಿದ ಕಾಯಿಗಳೇ ಅದರ ಬೇಸಿಗೆ ಮನೆ. ಅವನ್ನು ಹೆಕ್ಕಿ ತೆಗೆದ ತೋಟದಲ್ಲಿ ಹುಳು ಕಡಿಮೆ, ಬಿಟ್ಟ ತೋಟದಲ್ಲಿ ಹೆಚ್ಚು. ಎರಡಕ್ಕೂ ಬೀಳುವ ಬಿಸಿಲು ಒಂದೇ!

ಜೀವಿ ಬದುಕಬಲ್ಲ ನೆಲೆ ಬೇರೆ, ನಿಜಕ್ಕೂ ಬದುಕುವ ನೆಲೆ ಬೇರೆ ಎಂದು ಪರಿಸರ ವಿಜ್ಞಾನಿ ಹಚಿನ್ಸನ್ 1957ರಲ್ಲೇ ವಿಂಗಡಿಸಿದ್ದರು. ಮಳೆ, ಉಷ್ಣಾಂಶ ತುಂಬಿ ಕಂಪ್ಯೂಟರಿನಿಂದ ತೆಗೆದ ಕೆಂಪು ಬಣ್ಣ ಹೆಚ್ಚೆಂದರೆ ಮೊದಲನೆಯದರ ಅಂದಾಜು.

ಕೊರಕಗಳು ನಮ್ಮಲ್ಲಿಲ್ಲ ಎಂದಲ್ಲ. ಕಡಿದು ಬಿಸಾಕಿದ ಮಾವಿನ ಕೊಂಬೆ ನೋಡಿ: ಸೂಜಿತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ. ಆ ಹುಳುವಿನ ಬದುಕೇ ಬೇರೆ.

ನಾಳೆ ಯಾರಾದರೂ ಬೋರ್‌ವೆಲ್ ನೀರು ಹಾಯಿಸಿ ಅಡಿಕೆ ನೆರಳಲ್ಲಿ ರೊಬಸ್ಟಾ ನೆಟ್ಟರೆ, ಅರ್ಧ ಡಿಗ್ರಿಯೂ ಬಿಸಿ ಏರದೆ ಕಾಯಿಕೊರಕಕ್ಕೆ ಮನೆ ಸಿದ್ಧ. ಆ ಬೋರ್‌ವೆಲ್ ಲೇಖಕರ ನಕ್ಷೆಯಲ್ಲಿ ಎಲ್ಲಿದೆ?